ಸೊನ್ನೆ ಹಾಜರಿ

ಆ ಊರಿಗೆ ನಾನು ಹೋದದ್ದು ಶಿಷ್ಯವೇತನದ ಆಸೆಗೆ. ಇದನ್ನು ಮೊದಲೇ ಒಪ್ಪಿಕೊಂಡುಬಿಟ್ಟರೆ ಮುಂದಿನದನ್ನು ಹೇಳುವುದು ಸುಲಭ. ಸಂದರ್ಶನದಲ್ಲಿ ಮಕ್ಕಳ ಏಳಿಗೆ, ಸಮಾಜದ ಋಣ ಅಂತ ಏನೇನೋ ಒದರಿದ್ದೆ, ನಿಜ. ಆದರೆ ಅಪ್ಪ ತೀರಿಕೊಂಡ ಮೇಲೆ ಅಮ್ಮ ಒಂದು ಹಾಸ್ಟೆಲ್ಲಿನಲ್ಲಿ ಅಡುಗೆಗೆ ನಿಂತಿದ್ದಳು, ನನ್ನ ಎಂಎಸ್‌ಡಬ್ಲ್ಯೂ ಎರಡನೇ ವರ್ಷದ ಫೀಸಿಗೆ ಮನೆಯಲ್ಲಿ ಬಿಡಿಗಾಸಿರಲಿಲ್ಲ. ಶಾಲಾ ಸಮಾಜ ಕಾರ್ಯಕರ್ತರಾಗಲು ಓದುತ್ತಿರುವವರಿಗೆ ಆ ಊರಿನ ಶಾಲಾ ಸಮಿತಿ ತರಬೇತಿಯನ್ನೂ ತಿಂಗಳ ಹಣವನ್ನೂ ಕೊಡುತ್ತದೆ, ಪ್ರತಿವರ್ಷ ಇಬ್ಬರನ್ನು ತೆಗೆದುಕೊಳ್ಳುತ್ತದೆ ಎಂದು ನಮ್ಮ ವಿಭಾಗದ ಬೋರ್ಡಿಗೆ ಅಂಟಿಸಿದ್ದರು. ಕರಾರು ಮೂರೇ ಮೂರು. ವರ್ಷಪೂರ್ತಿ ಅಲ್ಲಿಯ ಶಾಲೆಯಲ್ಲೇ ಕ್ಷೇತ್ರಕಾರ್ಯ ಮಾಡಬೇಕು, ಪದವಿ ಸಿಕ್ಕ ಮೇಲೆ ಮೂರು ವರ್ಷ ಅಲ್ಲೇ ಕೆಲಸ ಮಾಡಬೇಕು, ವರ್ಷದ ಕೊನೆಗೆ ಹಾಜರಿ ಪುಸ್ತಕ ಮುಗಿಸಿಕೊಡಬೇಕು. ಮೂರನೆಯದು ಏನೋ ಗುಮಾಸ್ತೆ ಕೆಲಸ ಅಂದುಕೊಂಡು ಕಣ್ಣುಮುಚ್ಚಿ ಸಹಿ ಹಾಕಿದೆ.

ಬಸ್ಸಿನಿಂದ ಇಳಿದ ದಿನ ಸಂತೆ. ಸಂತೆ ಅಂದರೆ ಗಲಾಟೆ ಎಂದು ತಿಳಿದಿದ್ದ ನನಗೆ ಅಲ್ಲಿಯ ಸಂತೆ ವಿಚಿತ್ರವಾಗಿ ಕಂಡಿತು. ಅರ್ಧಕ್ಕರ್ಧ ಜನ ಬೆರಳು ತೋರಿಸಿ ಚೌಕಾಸಿ ಮಾಡುತ್ತಿದ್ದರು. ಸೊಪ್ಪಿನವಳು ಬಾಯಿ ತೆರೆಯದೆ ತಲೆ ಅಲ್ಲಾಡಿಸಿದಳು, ಕೊಳ್ಳುವವನು ಬಾಯಿ ತೆರೆಯದೆ ಮೂರು ಬೆರಳು ಮಡಿಸಿದ. ಮಾತು ಬರುವವರು ಅವರ ನಡುವೆ ಮಾಮೂಲಿನಂತೆ ಓಡಾಡಿಕೊಂಡಿದ್ದರು. ಇಲ್ಲಿಯವರು ಮಾತಿನಲ್ಲಿ ಜಿಪುಣರು ಅಂದುಕೊಂಡು ನಾನು ನನ್ನ ಟ್ರಂಕು ಎತ್ತಿಕೊಂಡು ಶಾಲೆಯ ಹಿಂದಿನ ಕೋಣೆಗೆ ಹೋದೆ.

ನನ್ನ ತರಬೇತಿಗೆ ಇದ್ದವರು ಗಿರಿಜಾಂಬಾ ಮೇಡಂ. ಐವತ್ತರ ಹೆಂಗಸು, ಹತ್ತಿ ಸೀರೆ, ಎಣ್ಣೆ ಹಾಕಿ ಬಿಗಿಯಾಗಿ ಕಟ್ಟಿದ ತುರುಬು. ಅವರೂ ಹೊರಗಿನಿಂದ ಇದೇ ಶಿಷ್ಯವೇತನದ ಮೇಲೆ ಬಂದವರಂತೆ. ಮೂರು ವರ್ಷಕ್ಕೆಂದು ಬಂದವರು ಇಪ್ಪತ್ತೆಂಟು ವರ್ಷವಾದರೂ ಹೋಗಿರಲಿಲ್ಲ. ಮೊದಲ ದಿನ ನನ್ನನ್ನೂ ನನ್ನ ಜೊತೆ ಆಯ್ಕೆಯಾಗಿದ್ದ ಫ್ರಾನ್ಸಿಸ್‌ನನ್ನೂ ಐದನೇ ತರಗತಿಯ ಕೊನೇ ಬೆಂಚಿನಲ್ಲಿ ಕೂರಿಸಿ, "ಹಾಜರಿ ಕರೆಯೋವಾಗ ಇಬ್ಬರೂ ಬಾಯಿ ಬಿಡಬೇಡಿ. ಸುಮ್ನೆ ಕೇಳಿ" ಅಂದರು.

ರೇವಣ್ಣ ಮೇಷ್ಟ್ರು ಹೆಸರು ಕರೆಯುತ್ತಾ ಹೋದರು. ಮಕ್ಕಳು "ಹಾಜರ್ ಸಾ" ಅನ್ನುತ್ತಾ ಹೋದರು. ಏಳೋ ಎಂಟೋ ಹೆಸರು ಆದಮೇಲೆ ಖಾಲಿ ಬೆಂಚಿನ ತುದಿಯಿಂದ ಒಂದು "ಹಾಜರ್ ಸಾ" ಬಂತು. ನಾನು ಕತ್ತು ಉದ್ದ ಮಾಡಿ ನೋಡಿದೆ. ಅಲ್ಲಿ ಯಾರೂ ಇರಲಿಲ್ಲ. ಪಕ್ಕದ ಹುಡುಗಿ ತನ್ನ ಚೀಲವನ್ನು ಆ ಜಾಗಕ್ಕೆ ತಾಕದ ಹಾಗೆ ಇಟ್ಟುಕೊಂಡಿದ್ದಳು. ಮೇಷ್ಟ್ರು ತಲೆಯೆತ್ತದೆ ಆ ಹೆಸರಿನ ಮುಂದೆ ಒಂದು ಸೊನ್ನೆ ಬರೆದು ಮುಂದಕ್ಕೆ ಹೋದರು. ಹಾಜರಿ ಮುಗಿದಾಗ ಓಗೊಟ್ಟ ಹೆಸರು ಮೂವತ್ತೊಂದು, ಕೂತಿದ್ದ ಮಕ್ಕಳು ಇಪ್ಪತ್ತಮೂರು. ಆಮೇಲೆ ಎಲ್ಲರೂ ಸೇರಿ ಏಳರ ಮಗ್ಗಿ ಹೇಳಿದರು, ಇಲ್ಲದವರೂ ಹೇಳಿದರು. ಫ್ರಾನ್ಸಿಸ್ ಮಧ್ಯಾಹ್ನದ ಬಸ್ಸಿಗೇ ಊರು ಬಿಟ್ಟ. ನನಗೂ ಹೋಗಿಬಿಡೋಣ ಅನ್ನಿಸಿತು, ಆದರೆ ಮುಂಗಡವಾಗಿ ಬಂದಿದ್ದ ಮೊದಲ ತಿಂಗಳ ಹಣವನ್ನು ಆಗಲೇ ಅಮ್ಮನಿಗೆ ಕಳಿಸಿಯಾಗಿತ್ತು.

ಶಾಲೆಗೆ ಬರುವುದನ್ನು ಬಿಟ್ಟ ಮಗುವಿನ ದನಿ ಶಾಲೆಯಲ್ಲೇ ಉಳಿದುಕೊಳ್ಳುತ್ತದೆ, ಮೈ ಮನೆಯಲ್ಲಿ ಮೂಕಾಗಿ ಇರುತ್ತದೆ. ಆ ಊರಿನಲ್ಲಿ ಅದು ಹಾಗೇ. ಯಾಕೆ ಅಂತ ಕೇಳಿದರೆ, ನಿಮ್ಮೂರಲ್ಲಿ ಹಾಗಿಲ್ವಾ ಅಂತ ಅವರೇ ತಿರುಗಿ ಕೇಳುತ್ತಿದ್ದರು. ಬಿಸಿಯೂಟದ ಅಡುಗೆಯವಳು ಸೊನ್ನೆಗಳನ್ನು ಕಳೆದು ಅಕ್ಕಿ ಅಳೆಯುತ್ತಿದ್ದಳು. ಪ್ರಾರ್ಥನೆಯಲ್ಲಿ ದನಿಗಳು ಜಾಸ್ತಿಯಾದರೆ ಮೇಷ್ಟ್ರು ಶ್ರುತಿ ಏರಿಸುತ್ತಿದ್ದರು. ಗುಡಿಸುವ ಹೆಂಗಸು ಖಾಲಿ ಜಾಗಗಳಿಗೆ, "ಸ್ವಲ್ಪ ಸರ್ಕಳ್ರಪ್ಪಾ" ಅನ್ನುತ್ತಲೇ ಪೊರಕೆ ಆಡಿಸುತ್ತಿದ್ದಳು.

ಗಿರಿಜಾಂಬಾ ಮೇಡಂ ಕಲಿಸಿದ ಹಾಗೆ ಯಾವ ಪ್ರೊಫೆಸರೂ ಕಲಿಸಲಿಲ್ಲ. ಒಂದು ತಿಂಗಳು ನನ್ನನ್ನು ಕಣ್ಣುಮುಚ್ಚಿಸಿ ಕೂರಿಸಿದರು. ದನಿಗೆ ನೆಗಡಿಯಾಗಿದ್ದರೆ ಮನೆಯಲ್ಲಿ ಮಗು ನೀರಿನಲ್ಲಿ ಕೆಲಸ ಮಾಡುತ್ತಿದೆ, ದನಿ ಹಾಜರಿಗೆ ತಡವಾಗಿ ಓಗೊಟ್ಟರೆ ಮಗುವಿಗೆ ನಿದ್ದೆ ಸಾಲುತ್ತಿಲ್ಲ, ದನಿ ನಡುವೆ ಬಿಕ್ಕಿದರೆ ನಿನ್ನೆ ಯಾರೋ ಹೊಡೆದಿದ್ದಾರೆ. ಇದನ್ನೆಲ್ಲ ಕೇಳಿ ಗುರುತಿಸಿ, ಬರೆದು, ಪ್ರತಿ ಶನಿವಾರ ಅವರಿಗೆ ಒಪ್ಪಿಸಬೇಕಿತ್ತು. ಆಮೇಲೆ ಮನೆ ಭೇಟಿ.

"ಮನೆಗೆ ಹೋದಾಗ ಮಗೂನ ಪ್ರಶ್ನೆ ಕೇಳಬೇಡ ವಿಶಾಲಾಕ್ಷಿ. ಉತ್ತರ ಕೊಡೋಕೆ ಅದರ ಹತ್ರ ಏನಿದೆ? ಹೋಗು, ಕೂತ್ಕೋ, ಕೊಟ್ರೆ ಕಾಫಿ ಕುಡಿ. ಆ ಮಗು ಮನೇಲಿ ಮಾಡ್ತಿರೋ ಕೆಲಸ ಯಾವುದು ನೋಡು. ಆ ಕೆಲಸಕ್ಕೆ ಬೇರೆ ಕೈ ಹುಡುಕು. ಅಷ್ಟೇ ನಮ್ಮ ವಿದ್ಯೆ" ಅಂದಿದ್ದರು.

ಅಷ್ಟೇ ವಿದ್ಯೆ ಇಟ್ಟುಕೊಂಡು ಜನವರಿಯ ಹೊತ್ತಿಗೆ ಎಂಟರಲ್ಲಿ ಏಳು ಮಕ್ಕಳನ್ನು ಬೆಂಚಿಗೆ ತಂದೆ. ಒಬ್ಬಳ ಬದಲು ನೀರು ಹೊರಲು ನಲ್ಲಿ ಹಾಕಿಸಿದೆ, ಒಬ್ಬನ ಬದಲು ಕುರಿ ಕಾಯಲು ಅವನ ಚಿಕ್ಕಪ್ಪನನ್ನು ಒಪ್ಪಿಸಿದೆ. ಮಗು ಬಂದು ಕೂತ ದಿನ ಹೆಸರು ಕರೆದರೆ ಬೆಂಚು ಒಂದು ಗಳಿಗೆ ಸುಮ್ಮನಿರುತ್ತಿತ್ತು, ಆಮೇಲೆ ಮಗುವಿನ ಬಾಯಿಂದಲೇ ಮಾತು ಬರುತ್ತಿತ್ತು. ಆ ಒಂದು ಗಳಿಗೆ ನಾನು ಪ್ರತಿಸಲವೂ ಮಗುವಿನ ತುಟಿಯನ್ನೇ ನೋಡುತ್ತಾ ನಿಲ್ಲುತ್ತಿದ್ದೆ. ನಾನು ಹಣಕ್ಕೆ ಬಂದವಳು ಎನ್ನುವುದು ನನಗೇ ಮರೆಯುತ್ತಾ ಬಂದಿತ್ತು.

ಉಳಿದವಳು ದಾಕ್ಷಾಯಿಣಿ. ಕಿಟಕಿಯ ಪಕ್ಕದ ಮೂರನೇ ಬೆಂಚು. ಅವಳ ದನಿ ಎಷ್ಟು ಚುರುಕೆಂದರೆ ಮೇಷ್ಟ್ರು ಹೆಸರು ಪೂರ್ತಿ ಹೇಳುವ ಮೊದಲೇ "ಹಾಜರ್ ಸಾ" ಅಂದುಬಿಡುತ್ತಿತ್ತು. ಮಗ್ಗಿಯಲ್ಲಿ ಉಳಿದವರು ತಪ್ಪಿದರೂ ಅದು ತಪ್ಪುತ್ತಿರಲಿಲ್ಲ. ಮೈಯ ದಾಕ್ಷಾಯಿಣಿ ಹೆಂಚಿನ ಕಾರ್ಖಾನೆಯ ಹಿಂದಿನ ಓಣಿಯಲ್ಲಿ, ಎಂಟು ತಿಂಗಳ ತಮ್ಮನನ್ನು ಸೊಂಟದ ಮೇಲೆ ಹೊತ್ತು ನಿಂತಿರುತ್ತಿದ್ದಳು. ಹತ್ತು ವರ್ಷದ ಹುಡುಗಿ, ಸೊಂಟ ಆಗಲೇ ಒಂದು ಕಡೆಗೆ ವಾಲಿತ್ತು. ಮಗು ಅತ್ತರೆ ಬಾಯಿ ತೆರೆದು ಲಾಲಿ ಹಾಡುವ ಹಾಗೆ ತುಟಿ ಆಡಿಸುತ್ತಿದ್ದಳು, ಏನೂ ಕೇಳುತ್ತಿರಲಿಲ್ಲ. ಮಗು ಆ ತುಟಿಗಳನ್ನೇ ನೋಡುತ್ತಾ ನಿದ್ದೆ ಹೋಗುತ್ತಿತ್ತು.

ಅವಳ ತಾಯಿ ಸಣ್ಣತಾಯಿ ಊದುಬತ್ತಿ ಹೊಸೆಯುವ ಶೆಡ್ಡಿಗೆ ಹೋಗುವವಳು. ಅವಳಿಗೂ ಮಾತಿರಲಿಲ್ಲ. ಅವಳ ಪರವಾಗಿ ಮಾತಾಡುತ್ತಿದ್ದದ್ದು ಕಣ್ಣಿಗೆ ಪೊರೆ ಬಂದ ಅತ್ತೆ ಹೊನ್ನಜ್ಜಿ.

"ನಮ್ ದಾಕ್ಷಿ ದಿನಾ ಹಾಜ್ರಿ ಹಾಕ್ತವ್ಳಲ್ಲ ತಾಯಿ, ಇನ್ನೇನಾಗ್ಬೇಕು ನಿಂಗೆ?" ಅಂದಿತು ಅಜ್ಜಿ. "ದನಿ ಅಲ್ಲಿ ಕಲೀತದೆ, ಮೈ ಇಲ್ಲಿ ಕೂಸು ಎತ್ಕಂತದೆ. ಎರಡೂ ಕಡೆ ನಡೀತದೆ. ಕೆಲಸಕ್ಕೆ ಮೈ ಸಾಕು."

"ಮಗೂನ ಶಾಲೆ ಅಡುಗೆಮನೇಲಿ ನೋಡ್ಕೊಳ್ತೀವಿ ಅಜ್ಜಿ. ಅಡುಗೆಯಮ್ಮ ಒಪ್ಪಿದ್ದಾರೆ. ತೊಟ್ಟಿಲೂ ಕಟ್ಟಿದ್ದೀವಿ."

ಸಣ್ಣತಾಯಿ ಕಪ್ಪು ಹಿಟ್ಟು ಮೆತ್ತಿದ ಕೈಗಳನ್ನು ಎತ್ತಿ ಒಂದೆರಡು ಸನ್ನೆ ಮಾಡಿದಳು. ತನ್ನ ಗಂಟಲು ಮುಟ್ಟಿಕೊಂಡಳು, ಆಮೇಲೆ ಒಲೆ, ಗೋಡೆ, ಮಕ್ಕಳು ಎಲ್ಲವನ್ನೂ ತೋರಿಸಿದಳು. ಬಳೆಗಳ ಸದ್ದಿನಿಂದಲೇ ಅಜ್ಜಿಗೆ ಅರ್ಥವಾಯಿತು.

"ನಾನು ಬಾಳ್ತಿಲ್ವಾ ಅಂತವ್ಳೆ. ಮಾತಿಲ್ದೆ ಮದ್ವೆ ಆಯ್ತು, ಮಕ್ಕಳಾದವು, ಯಾರು ಬೈದ್ರೂ ತಿರುಗಿಸಿ ಬೈಯೋ ಪಾಪಾನೂ ಬರ್ಲಿಲ್ಲ. ನಿಂಗ್ಯಾಕೆ ನೋವು ಅಂತವ್ಳೆ."

ಶನಿವಾರ ಇದನ್ನು ಗಿರಿಜಾಂಬಾ ಮೇಡಂ ಹತ್ತಿರ ಹೇಳಿಕೊಂಡೆ, ನೀವೂ ಒಂದು ಸಲ ಬನ್ನಿ ಅಂದೆ. ಅವರು ನನ್ನ ವರದಿಯನ್ನು ಮಡಿಸಿ ವಾಪಸು ಕೊಟ್ಟರು. "ಆ ಮನೆಗೆ ನಾನು ಬರಲ್ಲ. ನೀನೇ ಹೋಗು" ಅಂದರು. ಬೇರೆ ಯಾವ ಮನೆಗೂ ಅವರು ಹಾಗಂದದ್ದಿಲ್ಲ.

ಫೆಬ್ರವರಿ ಮುಗಿಯುವಾಗ ಸಮಿತಿಯ ಕಾರ್ಯದರ್ಶಿ ಶಾಮಣ್ಣನವರು ನನ್ನನ್ನು ಕರೆಸಿದರು. ಒಳ್ಳೆಯ ಮನುಷ್ಯ, ಕೂರಿಸಿ ಬಾಳೆಹಣ್ಣು ಕೊಟ್ಟರು. ಮೇಜಿನ ಮೇಲೆ ಐದನೇ ತರಗತಿಯ ಹಾಜರಿ ಪುಸ್ತಕ, ಅದರ ಮೇಲೊಂದು ಕೆಂಪು ಇಂಕಿನ ಪೆನ್ನು ಇತ್ತು.

"ಮಾರ್ಚಿ ಹತ್ತಕ್ಕೆ ಪುಸ್ತಕ ಮುಗಿಸಿಕೊಡಬೇಕು ಮೇಡಂ. ಕರಾರಲ್ಲಿ ಇದೆಯಲ್ಲ, ಮೂರನೇದು. ಅವತ್ತಿನವರೆಗೂ ಯಾರ ಹೆಸರಿಗೆ ಸೊನ್ನೆ ಬೀಳತ್ತೋ ಅದಕ್ಕೆ ಗೆರೆ ಎಳೆದು ಸಹಿ ಹಾಕೋದು. ಈ ವರ್ಷ ನಿಮ್ಮ ಪುಣ್ಯ, ಒಂದೇ ಹೆಸರು."

"ಗೆರೆ ಎಳೆದ ಮೇಲೆ ದನಿ ಏನಾಗತ್ತೆ?"

"ನಿಂತುಹೋಗತ್ತೆ. ಮತ್ತೆ ಆ ಬೆಂಚಿಗೆ ಬೇರೆ ಮಗು ಬೇಡವೇ?"

"ಆಮೇಲೆ ಹುಡುಗಿ ಶಾಲೆಗೆ ಬಂದರೆ?"

"ಬಂದರೆ ಬರಲಿ, ಸೇರಿಸ್ಕೊಳ್ಳೋಣ. ಮಾತು ಬರಲ್ಲ, ಅಷ್ಟೇ." ಶಾಮಣ್ಣ ಬಾಳೆಹಣ್ಣಿನ ಸಿಪ್ಪೆಯನ್ನು ಅಚ್ಚುಕಟ್ಟಾಗಿ ಮಡಿಸಿದರು. "ಗೆರೆ ಎಳೆಯದಿದ್ದರೆ ಇಡೀ ತರಗತಿ ಮೇಲಕ್ಕೆ ಹೋಗೋಕಾಗಲ್ಲ. ಮೂವತ್ತು ಮಕ್ಕಳು ಐದನೇಲೇ ಕೂರಬೇಕು. ನಮ್ಮೂರಿನೋರ ಕೈ ಅದಕ್ಕೆ ಆಗಬಾರದು, ಎಲ್ಲ ನೆಂಟರಿಷ್ಟರು ನೋಡಿ. ಅದಕ್ಕೇ ನಿಮ್ಮಂಥ ಓದಿದೋರನ್ನ ಹೊರಗಿಂದ ಕರೆಸೋದು. ನೀವು ಬೇಡ ಅಂದ್ರೂ ಬೇಜಾರಿಲ್ಲ. ಇಲ್ಲೀವರೆಗೆ ಕೊಟ್ಟಿದ್ದು ವಾಪಸು ಮಾಡಿ, ಪರೀಕ್ಷೆಗೆ ಹಾಜರಿ ಪತ್ರ ನಾವು ಕೊಡಲ್ಲ, ಬೇರೆ ಯಾರನ್ನೋ ಕರೆಸ್ತೀವಿ."

ಸಂತೆಯಲ್ಲಿ ಬೆರಳು ಮಡಿಸುತ್ತಿದ್ದ ಜನರೆಲ್ಲ ಒಬ್ಬೊಬ್ಬರಾಗಿ ಕಣ್ಣಮುಂದೆ ಬಂದರು. ನನ್ನ ಹಾಗೆ ಓದಿದವರೇ ಒಂದೊಂದು ಗೆರೆ ಎಳೆದು ಪದವಿ ತೆಗೆದುಕೊಂಡು ಹೋಗಿದ್ದರು. ಆದರೂ ಪುಸ್ತಕವನ್ನು ಅವರ ಮುಖದ ಮೇಲೆ ಎಸೆದು ಬರಲಿಲ್ಲ. ಹತ್ತು ದಿನ ಇದೆಯಲ್ಲ, ಹುಡುಗಿಯನ್ನು ತಂದುಬಿಟ್ಟರೆ ಗೆರೆಯ ಮಾತೇ ಇಲ್ಲವಲ್ಲ ಅಂತ ನನಗೆ ನಾನೇ ಹೇಳಿಕೊಂಡು ಎದ್ದು ಬಂದೆ.

ಹತ್ತು ದಿನದಲ್ಲಿ ಎಂಟು ದಿನ ಆ ಓಣಿಗೆ ಹೋದೆ. ಗೆರೆಯ ವಿಚಾರವನ್ನು ಹೊನ್ನಜ್ಜಿಗೆ ಹೇಳಿದರೆ, "ದನಿ ತಾನಾಗೇ ಆರ್ತದೆ ಕಣವ್ವಾ, ಹಾಲು ಬತ್ತಿದಂಗೆ. ಯಾರು ಎಳೀತಾರೆ ಗೆರೆ?" ಎಂದು ನಕ್ಕುಬಿಟ್ಟಿತು. ಊರಿನ ಜನ ಹಾಗೇ ನಂಬಿಕೊಂಡಿದ್ದರು, ಗೆರೆ ಬರೀ ಪುಸ್ತಕದ ಲೆಕ್ಕ ಅಂದುಕೊಂಡಿದ್ದರು. ಸಣ್ಣತಾಯಿ ನನ್ನನ್ನು ಕಂಡರೆ ಬಾಗಿಲ ಮರೆಗೆ ಹೋಗತೊಡಗಿದಳು.

ಎಂಟನೇ ತಾರೀಖಿನ ಬೆಳಿಗ್ಗೆ, ಶಾಲೆ ತೆರೆಯಲು ಇನ್ನೂ ಒಂದು ಗಂಟೆಯಿರುವಾಗ, ಹಳೆಯ ಪುಸ್ತಕಗಳ ಕೋಣೆಯಿಂದ ಗಿರಿಜಾಂಬಾ ಮೇಡಂ ದನಿ ಕೇಳಿಸಿತು. ಯಾರದೋ ಹೆಸರು ಕರೆಯುತ್ತಿದ್ದರು. "ಹಾಜರ್ ಟೀಚರ್" ಎಂದು ಒಂದು ಮಗು ಓಗೊಟ್ಟಿತು. ಮತ್ತೊಂದು ಹೆಸರು, ಮತ್ತೊಂದು ಮಗು. ಬಾಗಿಲು ದೂಡಿ ನೋಡಿದರೆ ಅವರೊಬ್ಬರೇ ಸ್ಟೂಲಿನ ಮೇಲೆ ಕೂತು, ಹುಳು ಹಿಡಿದ ಹಾಜರಿ ಪುಸ್ತಕವನ್ನು ಮಡಿಲಲ್ಲಿ ಹರಡಿಕೊಂಡಿದ್ದರು. ಉದ್ದಕ್ಕೂ ಕೆಂಪು ಗೆರೆಗಳು. ಬೀರುಗಳ ಹಿಂದಿನಿಂದ, ಸೂರಿನ ಮೂಲೆಯಿಂದ, ನೆಲದ ಹತ್ತಿರದಿಂದ ಮಕ್ಕಳ ದನಿ ಬರುತ್ತಿತ್ತು, ಕೆಲವು ಗಟ್ಟಿಯಾಗಿ, ಕೆಲವು ಉಸಿರಿನಷ್ಟು.

"ಗೆರೆ ಎಳೆದರೆ ತರಗತಿ ಬಿಟ್ಟು ಇಲ್ಲಿಗೆ ಬಂದುಬಿಡ್ತವೆ" ಅಂದರು ಅವರು, ನನ್ನ ಕಡೆ ತಿರುಗದೆ. "ಒಂದು ದಿನ ಕರೆಯದಿದ್ರೆ ಮಾರನೇ ದಿನ ಸಣ್ಣದಾಗತ್ತೆ. ಕೆಲವು ಹಾಗೇ ಹೋಗಿಬಿಟ್ಟವು, ನನಗೆ ಟೈಫಾಯಿಡ್ ಬಂದಾಗ. ಅದಕ್ಕೇ ಊರು ಬಿಟ್ಟಿಲ್ಲ." ಮತ್ತೆ ಪುಸ್ತಕಕ್ಕೆ ಬಾಗಿ, "ಸಣ್ಣತಾಯಿ" ಎಂದು ಕರೆದರು.

"ಹಾಜರ್ ಟೀಚರ್!"

ಹೆಸರು ಪೂರ್ತಿಯಾಗುವ ಮೊದಲೇ ಬಂತು. ದಾಕ್ಷಾಯಿಣಿಯ ದನಿಯೇ ಅಂದುಕೊಂಡು ನಾನು ಬೆಚ್ಚಿದೆ. ಅದು ಅವಳ ತಾಯಿಯದು, ಹತ್ತು ವರ್ಷದವಳಾಗಿದ್ದಾಗಿನದು.

"ನೀವು ಎಳೆದದ್ದಾ?" ಅಂದೆ. ಅವರು ಹೌದು ಎಂದು ತಲೆಯಾಡಿಸಿದರು. "ನಂದೂ ಫೀಸು ಕಟ್ಟೋದಿತ್ತು" ಅಂದರು. ನಾನು ಅವರನ್ನು ಬೈಯಬೇಕು ಅಂದುಕೊಂಡೆ. ಬದಲಿಗೆ, ಸಣ್ಣತಾಯಿಗೆ ಇದನ್ನು ಕೇಳಿಸೋಣ ಅಂತ ಕಾಲು ಹಿಡಿಯುವುದೊಂದು ಬಾಕಿ, ಅಷ್ಟು ಬೇಡಿದೆ. ಅವರು ಪುಸ್ತಕ ಮುಚ್ಚಿ, "ಕರ್ಕೊಂಡ್ ಬಾ" ಅಂದರು.

ಮಾರನೇ ಬೆಳಿಗ್ಗೆ ಸಣ್ಣತಾಯಿ ಬಂದಳು. ಮಗಳ ವಿಷಯ ಎತ್ತುವುದಿಲ್ಲ, ಒಂದು ಗಳಿಗೆ ಬಂದು ಹೋದರೆ ಸಾಕು, ಇನ್ನು ಯಾವತ್ತೂ ನಿಮ್ಮ ಮನೆ ಬಾಗಿಲಿಗೆ ಬರಲ್ಲ ಅಂದದ್ದಕ್ಕೆ ಬಂದಳು. ಕೋಣೆಯಲ್ಲಿ ಸೆರಗು ಬಾಯಿಗಿಟ್ಟುಕೊಂಡು ಗೋಡೆಗೆ ಒರಗಿ ನಿಂತಳು. ಗಿರಿಜಾಂಬಾ ಮೇಡಂ ಪುಸ್ತಕ ತೆರೆದು ಅವಳ ಹೆಸರು ಕರೆದರು.

"ಹಾಜರ್ ಟೀಚರ್!"

ಅವಳ ಸೆರಗು ಕೈಜಾರಿತು. ದನಿ ಬಂದ ಬೀರುವಿನ ಕಡೆ ಎರಡು ಹೆಜ್ಜೆ ಹೋಗಿ, ಅದರ ಹಿಂದೆ ಕೈ ಹಾಕಿ ತಡಕಿದಳು. ಧೂಳು ಬಂತು. ತಿರುಗಿ, ಇನ್ನೊಂದು ಸಲ ಎಂದು ಬೆರಳು ತೋರಿಸಿದಳು. ಮೇಡಂ ಮತ್ತೆ ಕರೆದರು, ಅದು ಮತ್ತೆ ಓಗೊಟ್ಟಿತು. ಈ ಸಲ ಅವಳೂ ಬಾಯಿ ತೆರೆದಳು. ಗಂಟಲಿನ ನರ ಉಬ್ಬಿತು, ಏನೂ ಹೊರಡಲಿಲ್ಲ. ಇನ್ನೊಂದು ಸಲ. ಮತ್ತೊಂದು. ಎಷ್ಟು ಸಲ ಕರೆದರೋ ನಾನು ಲೆಕ್ಕ ಇಡಲಿಲ್ಲ, ನನಗೆ ಅಳು ತಡೆಯಲಾಗಲಿಲ್ಲ. ಕೊನೆಗೆ ಸಣ್ಣತಾಯಿ ಬಂದು ಮೇಡಂ ಮಡಿಲಿನಿಂದ ಪುಸ್ತಕ ಎತ್ತಿಕೊಂಡಳು. ಐದನೇ ತರಗತಿಯವರೆಗೆ ಓದಿದವಳು, ತನ್ನ ಹೆಸರು ಅವಳಿಗೆ ಗೊತ್ತಿತ್ತು. ಅದರ ಮೇಲಿನ ಕೆಂಪು ಗೆರೆಯನ್ನು ಉಗುರಿನಿಂದ ಕೆರೆದು ನೋಡಿದಳು. ಆಮೇಲೆ ಪುಸ್ತಕವನ್ನು ಸ್ಟೂಲಿನ ಮೇಲಿಟ್ಟು, ನಮ್ಮಿಬ್ಬರ ಮುಖವನ್ನೂ ನೋಡದೆ ಹೊರಟುಹೋದಳು.

ಹತ್ತನೇ ತಾರೀಖು ಹಾಜರಿಗೆ ಶಾಮಣ್ಣನವರೂ ಬಂದು ಕುರ್ಚಿ ಹಾಕಿಸಿಕೊಂಡು ಕೂತರು. ಗಿರಿಜಾಂಬಾ ಮೇಡಂ ಕೊನೇ ಬೆಂಚಿನಲ್ಲಿದ್ದರು. ಮಕ್ಕಳು ಹೊಸ ಬಟ್ಟೆ ಹಾಕಿಕೊಂಡು, ಆರನೇ ತರಗತಿಗೆ ಹೋಗುವ ಖುಷಿಯಲ್ಲಿ ಗುಸುಗುಸು ಮಾಡುತ್ತಿದ್ದವು. ನಾನು ಬಾಗಿಲ ಕಡೆ ನೋಡುತ್ತಲೇ ಇದ್ದೆ. ರೇವಣ್ಣ ಮೇಷ್ಟ್ರು ನಿಧಾನವಾಗಿ, ಒಂದೊಂದು ಹೆಸರಿಗೂ ಕೆಮ್ಮುತ್ತಾ ಕರೆದರು. ದಾಕ್ಷಾಯಿಣಿ ಅಂದಾಗ ಕಿಟಕಿಯ ಪಕ್ಕದಿಂದ ಎಂದಿನಂತೆ ಚುರುಕಾಗಿ "ಹಾಜರ್ ಸಾ" ಬಂತು. ಬೆಂಚು ಖಾಲಿಯಿತ್ತು. ಮೇಷ್ಟ್ರು ಸೊನ್ನೆ ಬರೆದು ಪುಸ್ತಕವನ್ನು ನನ್ನ ಮುಂದಿಟ್ಟರು.

"ಇನ್ನೊಂದು ಸ್ವಲ್ಪ ಹೊತ್ತು ಕಾಯೋಣ ಸಾರ್" ಅಂದೆ.

"ಹನ್ನೊಂದಾಯ್ತು ಮೇಡಂ" ಅಂದರು ಶಾಮಣ್ಣ, ಪೆನ್ನಿನ ಮುಚ್ಚಳ ತೆಗೆದು ಕೊಡುತ್ತಾ. ಮೂವತ್ತು ಮಕ್ಕಳು ನನ್ನ ಕೈಯನ್ನೇ ನೋಡುತ್ತಿದ್ದವು. ಅಮ್ಮ, ಪರೀಕ್ಷೆ, ವಾಪಸು ಮಾಡಬೇಕಾದ ಹಣ, ಎಲ್ಲ ಒಟ್ಟಿಗೆ ತಲೆಯಲ್ಲಿ ಬಂದವು. ಪೆನ್ನು ತೆಗೆದುಕೊಂಡೆ. ಯಾರೂ ನನ್ನ ಕೈ ಹಿಡಿದು ಎಳೆಸಲಿಲ್ಲ. ಅವಳ ಹೆಸರಿನ ಆರಂಭದಲ್ಲಿ ಮೊನೆಯಿಟ್ಟು ಗೆರೆ ಎಳೆಯತೊಡಗಿದೆ. ಕಿಟಕಿಯ ಪಕ್ಕದಿಂದ, ಯಾರೂ ಕರೆಯದೆಯೇ, ಒಂದು ಕೆಮ್ಮು ಬಂತು. ಗಂಟಲಿಗೆ ಏನೋ ಸಿಕ್ಕಿಕೊಂಡವರ ಕೆಮ್ಮು.

ಆಗ ಬಾಗಿಲಲ್ಲಿ ಬಳೆಯ ಸದ್ದಾಯಿತು. ಸಣ್ಣತಾಯಿ ಒಂದು ಕಂಕುಳಲ್ಲಿ ಕೂಸು, ಇನ್ನೊಂದು ಕೈಯಲ್ಲಿ ದಾಕ್ಷಾಯಿಣಿಯನ್ನು ಹಿಡಿದು ನಿಂತಿದ್ದಳು. ಇಬ್ಬರೂ ಓಡಿಬಂದು ಏದುಸಿರು ಬಿಡುತ್ತಿದ್ದರು. ನನ್ನ ಕೈ ಅರ್ಧ ಹೆಸರಿನ ಮೇಲೆ ನಿಂತಿತು. ದಾಕ್ಷಾಯಿಣಿ ಹೋಗಿ ಕಿಟಕಿಯ ಪಕ್ಕ ಕೂತಳು. ಮೇಷ್ಟ್ರು ಪುಸ್ತಕ ನೋಡದೆಯೇ ಕರೆದರು.

ಬೆಂಚು ಸುಮ್ಮನಿತ್ತು. ಹುಡುಗಿ ಬಾಯಿ ತೆರೆದಳು. ಒಂದು ಗಳಿಗೆ ಕಳೆಯಿತು, ಎರಡು ಕಳೆಯಿತು. ಅವಳ ತಾಯಿಯ ಗಂಟಲಿನಲ್ಲಿ ಉಬ್ಬಿದ್ದ ನರವೇ ಅವಳ ಗಂಟಲಿನಲ್ಲೂ ಉಬ್ಬಿತು. ನಾನು ಕೊಂದುಬಿಟ್ಟೆ ಅಂದುಕೊಂಡೆ. ಆಮೇಲೆ ಹರಿದ, ಒರಟಾದ, ಮೊದಲಿನ ಚುರುಕಿಲ್ಲದ ಒಂದು ದನಿ, "ಹಾಜರ್ ಸಾ" ಅಂದಿತು. ಅದು ನಾನು ಗೆರೆ ಎಳೆದಷ್ಟು ಒಡೆದಿತ್ತು. ಆದರೆ ಅವಳ ಬಾಯಿಂದಲೇ ಬಂದಿತ್ತು. ಮಕ್ಕಳು ಹೋ ಎಂದು ಕಿರುಚಿದವು, ರೇವಣ್ಣ ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು, ಶಾಮಣ್ಣನವರು ಕೂಡ ನಕ್ಕರು.

ಸಣ್ಣತಾಯಿ ನಗಲಿಲ್ಲ. ಕೂಸನ್ನು ಮಗಳ ಬೆಂಚಿನ ಮೇಲೆ ಕೂರಿಸಿ, ತರಗತಿಯ ನಡುವೆ ಬಂದು ನಿಂತು, ಸನ್ನೆ ಮಾಡತೊಡಗಿದಳು. ತನ್ನ ಎದೆ ಮುಟ್ಟಿಕೊಂಡಳು. ಗಾಳಿಯಲ್ಲಿ ಬೆರಳಿನಿಂದ ಉದ್ದಕ್ಕೆ ಎಳೆದಳು. ನಮ್ಮೆಲ್ಲರ ಕಡೆಗೂ ಕೈ ಚಾಚಿ ಅಂಗೈ ಮೇಲೆ ಮಾಡಿದಳು. ಅವಳು ಏನು ಹೇಳುತ್ತಿದ್ದಾಳೆಂದು ತರಗತಿಗೆ ಅರ್ಥವಾಗಲಿಲ್ಲ. ಅವಳು ಮಗಳ ಕಡೆ ನೋಡಿದಳು.

ದಾಕ್ಷಾಯಿಣಿ ಎದ್ದು ನಿಂತು, ಹೊಸದಾಗಿ ಬಂದ ಒಡಕು ದನಿಯಲ್ಲಿ ಗಟ್ಟಿಯಾಗಿ ಹೇಳಿದಳು, "ಅವ್ವ ಕೇಳ್ತವ್ಳೆ. ನನ್ನ ಹೆಸರಿಗೆ ಗೆರೆ ಎಳೆದೋರು ಯಾರು ಅಂತ ಕೇಳ್ತವ್ಳೆ."

ಶಾಮಣ್ಣನವರು ಕುರ್ಚಿಯಿಂದ ಅರ್ಧ ಎದ್ದು, "ಅದೆಲ್ಲ ಈಗ್ಯಾಕಮ್ಮ" ಅಂದರು. ಸಣ್ಣತಾಯಿಯ ಅಂಗೈ ಹಾಗೇ ಚಾಚಿಕೊಂಡಿತ್ತು. ಕೊನೇ ಬೆಂಚಿನಲ್ಲಿ ಗಿರಿಜಾಂಬಾ ಮೇಡಂ ಎದ್ದರು. ಸೀರೆ ಸರಿಮಾಡಿಕೊಂಡು, ಕೈಕಟ್ಟಿ ನಿಂತು, "ನಾನು" ಅಂದರು.

ದಾಕ್ಷಾಯಿಣಿ ಅವರನ್ನು ನೋಡಿ, ಆಮೇಲೆ ನನ್ನ ಮುಂದಿದ್ದ ಪುಸ್ತಕವನ್ನು ನೋಡಿದಳು. ಅರ್ಧ ಗೆರೆಯ ಇಂಕು ಇನ್ನೂ ಒಣಗಿರಲಿಲ್ಲ. ನಾನೂ ಎದ್ದು ನಿಂತೆ.